ಗಾಡಿ ಜಾಸ್ತಿ ಓಡಿಲ್ಲ, ಆದರೂ ಟೈಮಿಂಗ್ ಬೆಲ್ಟ್ ಬದಲಿಸಬೇಕಾ?

ಒಂಬತ್ತು ವರ್ಷದ ಕಾರು, ಓಡಿರುವುದು 52,000 ಕಿಲೋಮೀಟರ್, ಪುಸ್ತಕದಲ್ಲಿ ಒಂದು ಲಕ್ಷ ಅಂತ ಇದೆ, ಮೆಕ್ಯಾನಿಕ್ ಮಾತ್ರ ಈಗಲೇ ಹೊಸ ಟೈಮಿಂಗ್ ಬೆಲ್ಟ್ (ಇಂಜಿನ್ನಿನ ಪಿಸ್ಟನ್, ವಾಲ್ವ್‌ಗಳ ತಾಳ ಕಾಯುವ ಹಲ್ಲಿನ ಪಟ್ಟಿ) ಹಾಕಿಸಿ ಅಂತಾನೆ, ಟೋಪಿ ಹಾಕುತ್ತಿದ್ದಾನಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಜೊತೆಗೆ ಹೊಟ್ಟೆಯೂ ಉರಿಯಿತು. ನನ್ನ ಗಾಡಿಗೆ ಆಗ ಎಂಟು ವರ್ಷ, 61,000 ಕಿಲೋಮೀಟರ್. ನಾನೂ ಇದನ್ನೇ ಕೇಳಿಕೊಂಡಿದ್ದೆ. ಉತ್ತರವನ್ನೂ ನಾನೇ ಕೊಟ್ಟುಕೊಂಡಿದ್ದೆ: ಹೌದು, ಟೋಪಿಯೇ.

ನನ್ನನ್ನು ಮುಳುಗಿಸಿದ್ದು ಒಂದು ಪದ. "ಅಥವಾ".

ಸರ್ವೀಸ್ ಪುಸ್ತಕದ ಪಟ್ಟಿಯಲ್ಲಿ ಟೈಮಿಂಗ್ ಬೆಲ್ಟ್ ಎದುರಿಗೆ 1,00,000 ಕಿ.ಮೀ. ಅಂತ ದಪ್ಪ ಅಕ್ಷರದಲ್ಲಿ ಇತ್ತು. ಅದರ ಕೆಳಗೇ ಸಣ್ಣದಾಗಿ "ಅಥವಾ 6 ವರ್ಷ, ಯಾವುದು ಮೊದಲೋ ಅದು" ಅಂತಲೂ ಇತ್ತು. ನಾನು ಓದಲಿಲ್ಲ ಅಂತಲ್ಲ, ಓದಿದೆ. ಆದರೆ ಇನ್ನೂ 39,000 ಕಿಲೋಮೀಟರ್ ಬಾಕಿ ಇದೆ ಅನ್ನೋ ಖುಷಿಯಲ್ಲಿ "ಯಾವುದು ಮೊದಲೋ" ಅನ್ನೋದನ್ನು ಮನಸ್ಸು "ಯಾವುದು ತಡವೋ" ಅಂತ ಓದಿಕೊಂಡಿತು. ಮೊದಲು ಅಂದರೆ ಮೊದಲು. ಗಾಡಿ ಆರು ವರ್ಷದಲ್ಲಿ 20,000 ಓಡಿರಲಿ, ಶೆಡ್ಡಿನಲ್ಲೇ ನಿಂತಿರಲಿ, ಆ ಬೆಲ್ಟಿನ ಕಾಲ ಮುಗಿಯಿತು. ನನ್ನದು ಮುಗಿದು ಆಗಲೇ ಎರಡು ವರ್ಷ ಆಗಿತ್ತು, ನಾನು ಇನ್ನೂ ಕಿಲೋಮೀಟರ್ ಎಣಿಸುತ್ತಾ ಕೂತಿದ್ದೆ.

ಯಾಕೆ ವರ್ಷದ ಲೆಕ್ಕ ಅಂದರೆ, ಅದು ರಬ್ಬರ್. ಒಳಗೆ ಗಟ್ಟಿ ನೂಲಿನ ಎಳೆಗಳಿರುತ್ತವೆ, ನಿಜ, ಆದರೆ ಹಲ್ಲುಗಳು ರಬ್ಬರಿನವೇ. ಇಂಜಿನ್ ಪಕ್ಕದಲ್ಲಿ ಕಾಯುತ್ತದೆ, ಆರುತ್ತದೆ, ಎಲ್ಲಾದರೂ ಸೀಲ್ ಸೋರಿದರೆ ಆಯಿಲ್ ಬೇರೆ ಕುಡಿಯುತ್ತದೆ. ಇನ್ನೊಂದು ವಿಷಯ, ಮೀಟರ್ ಎಣಿಸುವುದು ಚಕ್ರವನ್ನು, ಇಂಜಿನ್ನನ್ನಲ್ಲ. ಟ್ರಾಫಿಕ್‌ನಲ್ಲಿ ನಿಂತಲ್ಲೇ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಗಂಟೆಗೆ 48,000 ಸುತ್ತು ಆಯಿತು. ಮೀಟರಿನಲ್ಲಿ ಸೊನ್ನೆ. "ಜಾಸ್ತಿ ಓಡಿಲ್ಲ, ಅಂದರೆ ಇನ್ನೂ ಹೊಸದೇ" ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ.

ನಾನು ಸುಮ್ನೆ ಕೂರಲಿಲ್ಲ, ಜಾಣತನ ತೋರಿಸಿದೆ. ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಕರ್ರಗೆ, ನುಣ್ಣಗೆ, ಒಂದು ಬಿರುಕಿಲ್ಲ. ಫೋಟೋ ತೆಗೆದು ಮೆಕ್ಯಾನಿಕ್‌ಗೆ ತೋರಿಸಿದೆ. "ಸಾರ್, ಇದು ನೋಡಿದ್ರೆ ಗೊತ್ತಾಗಲ್ಲ" ಅಂದ. ಮೋಸ ಮಾಡುವವರು ಇನ್ನೇನು ಹೇಳುತ್ತಾರೆ ಅಂದುಕೊಂಡೆ.

ಎಂಟು ತಿಂಗಳು ಕಳೆಯಿತು. ಒಂದು ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ ರಿವರ್ಸ್ ತೆಗೆಯುತ್ತಿದ್ದೆ, ಇಂಜಿನ್ ನಿಂತುಹೋಯಿತು. ದೊಡ್ಡ ಸದ್ದೇನೂ ಇಲ್ಲ. ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತಿದೆ, ಆದರೆ ಎಂದಿನ ಹಾಗೆ ಏದುಸಿರು ಬಿಡುತ್ತಾ ಅಲ್ಲ, ಖಾಲಿ ಮಿಕ್ಸಿ ಹಾಕಿದ ಹಾಗೆ ಒಂದೇ ಸಮ ಗಿರ್ರ್ ಅಂತ. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲುಗಳಾದ ವಾಲ್ವ್‌ಗಳು ಮುಚ್ಚದೆ ಸಿಲಿಂಡರಿನಲ್ಲಿ ಒತ್ತಡವೇ ಇಲ್ಲದಿದ್ದರೆ ಬರುವ ಸದ್ದು ಅದು. ಆಗ ಗೊತ್ತಿರಲಿಲ್ಲ, ಇನ್ನೂ ನಾಲ್ಕೈದು ಸಲ ತಿರುಗಿಸಿದೆ. ನೀವು ಹಾಗೆ ಮಾಡಬೇಡಿ. ಆ ಸದ್ದು ಕೇಳಿದ ಕೂಡಲೇ ಕೀ ತೆಗೆದು ಟೋ ಮಾಡಿಸಿ.

ಒಳಗೆ ಆದದ್ದು ಇಷ್ಟು. ಪಿಸ್ಟನ್‌ಗಳಿಗೆ ಜೋಡಿಸಿರುವ ದಂಡ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ವಾಲ್ವ್ ತೆರೆಯುವ ದಂಡ ಕ್ಯಾಮ್ ಒಂದು ಸುತ್ತು ತಿರುಗಬೇಕು, ಆ ತಾಳ ತಪ್ಪದ ಹಾಗೆ ಇಬ್ಬರನ್ನೂ ಕಟ್ಟಿಹಾಕಿರುವುದು ಈ ಬೆಲ್ಟ್. ಬಹಳಷ್ಟು ಇಂಜಿನ್‌ಗಳಲ್ಲಿ ತೆರೆದ ವಾಲ್ವ್ ಮತ್ತು ಮೇಲೆ ಬರುವ ಪಿಸ್ಟನ್ ಒಂದೇ ಜಾಗವನ್ನು ಸರದಿಯಲ್ಲಿ ಬಳಸುತ್ತವೆ. ಬೆಲ್ಟ್ ಹೋದರೆ ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ, ತೆರೆದ ವಾಲ್ವ್ ತೆರೆದೇ ಇರುತ್ತದೆ, ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್‌ಗಳಿರುವ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಇಳಿಸಿದಾಗ 16 ವಾಲ್ವ್‌ಗಳಲ್ಲಿ 8 ಬಾಗಿದ್ದವು. ಪಿಸ್ಟನ್ ತಲೆಯ ಮೇಲೆ ಉಗುರಿನಿಂದ ಒತ್ತಿದ ಹಾಗೆ ಗುರುತು. ಕೊನೆಗೆ ವಾಲ್ವ್, ಹೆಡ್ ಗ್ಯಾಸ್ಕೆಟ್, ಹೆಡ್ ಬೋಲ್ಟ್, ಲೇತ್ ಕೆಲಸ, ಐದು ವಾರ ಗಾಡಿ ಇಲ್ಲ. ಅದರ ಮೇಲೆ ಬೆಲ್ಟ್ ಅಂತೂ ಹಾಕಿಸಲೇಬೇಕಾಯಿತು.

ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು, "ಎಷ್ಟು ವರ್ಷ ಆಗಿತ್ತು ಸಾರ್?" ಕಿಲೋಮೀಟರ್ ಕೇಳಲೇ ಇಲ್ಲ. ಆಮೇಲೆ ಹಳೇ ಬೆಲ್ಟ್ ಕೈಗೆ ಕೊಟ್ಟ. ತುಂಡಾಗಿರಲಿಲ್ಲ! ಒಂದು ಕಡೆ ಸಾಲಾಗಿ ಏಳು ಹಲ್ಲು ಬೋಳು, ಅಷ್ಟೇ. ಹಿಂದಕ್ಕೆ ಬಗ್ಗಿಸಿದರೆ ಉಳಿದ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಸೀಳು. ನಾನು ಟಾರ್ಚ್ ಹಾಕಿ ನೋಡಿದ್ದು ಬೆಲ್ಟಿನ ಬೆನ್ನು, ಹಲ್ಲು ಇರುವುದು ಒಳಗಡೆ.

ಆದ್ದರಿಂದ "ಬೆಲ್ಟ್ ಚೆನ್ನಾಗಿದೆಯಾ" ಅಂತ ನೋಡಲೇ ಹೋಗಬೇಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ವರ್ಷ ಎಷ್ಟಿದೆ ನೋಡಿ. ಇಂಜಿನ್‌ನಿಂದ ಇಂಜಿನ್‌ಗೆ ಲೆಕ್ಕ ಬೇರೆ, ನನ್ನ ಆರು ನಿಮಗೆ ಐದೂ ಆಗಬಹುದು, ಹತ್ತೂ ಆಗಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ಆಗಿದ್ದು ಬದಲಿಸಿದ ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಹೊರಗೆ ಕಾಣುವ ಫ್ಯಾನ್ ಬೆಲ್ಟ್ ಹೊಸದಾಗಿದ್ದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮದು ಟೈಮಿಂಗ್ ಚೈನ್ ಇಂಜಿನ್ ಆಗಿದ್ದರೆ ಈ ಕಥೆಯೇ ಬೇಡ, ಆಯಿಲ್ ಸರಿಯಾಗಿ ಬದಲಿಸುತ್ತಾ ಇರಿ.

ಇನ್ನು ಟೋಪಿ ವಿಷಯ. ಬೆಲ್ಟ್ ಬದಲಿಸಿ ಅಂದವನ ಮೇಲಲ್ಲ, "ಬರೀ ಬೆಲ್ಟ್ ಸಾಕು" ಅಂದವನ ಮೇಲೆ ಅನುಮಾನ ಪಡಿ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಅದಕ್ಕೆ ದಾರಿ ತೋರಿಸುವ ರಾಟೆ ಐಡ್ಲರ್, ಈ ಬೆಲ್ಟಿನಿಂದಲೇ ವಾಟರ್ ಪಂಪ್ ತಿರುಗುತ್ತಿದ್ದರೆ ಅದೂ, ಎಲ್ಲ ಒಟ್ಟಿಗೆ ಹಾಕಿಸಿ. ಅಷ್ಟೆಲ್ಲ ಬಿಚ್ಚುವುದೇ ದೊಡ್ಡ ಕೆಲಸ. ಹಳೇ ಟೆನ್ಷನರ್ ಬೇರಿಂಗ್ ನಾಳೆ ಹಿಡಿದುಕೊಂಡರೆ ಹೊಸ ಬೆಲ್ಟೂ ಹೋಗುತ್ತದೆ, ಆಗ ಮತ್ತೆ ಇದೇ ವಾಲ್ವ್ ಕಥೆ. ಬೆಲ್ಟ್ ಕೂರಿಸಿದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಕ್ರ್ಯಾಂಕ್, ಕ್ಯಾಮ್‌ಗಳ ಜೋಡಣೆಯ ಗುರುತುಗಳು ಮತ್ತೆ ಕೂಡಿದವಾ ಅಂತ ನೋಡಿ, ಆಮೇಲೆ ಸ್ಟಾರ್ಟ್ ಮಾಡುತ್ತಾರಾ ಅಂತ ಪಕ್ಕದಲ್ಲೇ ನಿಂತು ನೋಡಿ.

ಕವರ್ ಮುಚ್ಚುವ ಮುಂಚೆ ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಕಿಲೋಮೀಟರ್ ಎರಡೂ ಬರೆಸಿ. ನನ್ನ ಗಾಡಿಯಲ್ಲಿ ತಾರೀಖು ದೊಡ್ಡದಾಗಿದೆ, ಕಿಲೋಮೀಟರ್ ಕೆಳಗೆ ಸಣ್ಣದಾಗಿ.