ಜನರನ್ನು ಆಚೆ ಕಳಿಸುವ ಮೊದಲು ಒಂದು ಹಗ್ಗ ಕಟ್ಟೋಣ

ಮಾನ್ಯ ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದಿ ಬೇಜಾರಾಯಿತು, ಸಿಟ್ಟೂ ಬಂತು. ತಾಲ್ಲೂಕು ಮಟ್ಟದ ಹೈಸ್ಕೂಲ್ ಹುಡುಗಿಯರ ಕಬಡ್ಡಿ ಫೈನಲ್. ಕೊನೆಯ ರೈಡ್‌ನಲ್ಲಿ ಬೋನಸ್ ಅಂಕ ಬಂತೋ ಇಲ್ಲವೋ ಅಂತ ತಕರಾರು. ರೆಫರಿ ಸೀಟಿ ಊದಿದ್ದೇ ತಡ, ಊರಿನ ಹುಡುಗರು ಅಂಕಣಕ್ಕೆ ನುಗ್ಗಿ ಅವರನ್ನು ಮುತ್ತಿಕೊಂಡರು. ಗೆದ್ದ ಮಕ್ಕಳನ್ನು ಕೊಠಡಿಯೊಂದರಲ್ಲಿ ಕೂರಿಸಿ, ಗಲಾಟೆ ತಣ್ಣಗಾದ ಮೇಲೆ ಟೆಂಪೋ ಹತ್ತಿಸಬೇಕಾಯಿತು. ‘ಇನ್ಮೇಲೆ ಶಾಲಾ ಕ್ರೀಡಾಕೂಟಕ್ಕೆ ಹೊರಗಿನವರನ್ನು ಬಿಡಲೇಬಾರದು, ಏನಂತೀರಿ?’ ಎಂದು ಕೇಳಿದ್ದೀರಿ.

ನಾನು ಇದನ್ನು ಒಪ್ಪುವುದಿಲ್ಲ. ಹಳ್ಳಿಯ ಅಪ್ಪ ಅಮ್ಮನಿಗೆ ಮಗಳ ಆಟ ನೋಡಲು ಸಿಗುವುದು ವಲಯ ಮಟ್ಟ, ತಾಲ್ಲೂಕು ಮಟ್ಟದಲ್ಲಿ ಮಾತ್ರ. ಜಿಲ್ಲೆ, ವಿಭಾಗ ಅಂತ ಹೋದರೆ ಕೂಲಿ ಬಿಟ್ಟು ಅಷ್ಟು ದೂರ ಯಾರು ಬರುತ್ತಾರೆ? ಮಗಳು ಎದುರಾಳಿಯ ಕಾಲು ಹಿಡಿದು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡ ತಂದೆ, ಒಂಬತ್ತನೇ ಕ್ಲಾಸಿಗೇ ‘ಆಟ ಸಾಕು’ ಅನ್ನುವುದು ಅಷ್ಟು ಸುಲಭವಲ್ಲ. ಅವರನ್ನು ಗೇಟಿನಾಚೆ ನಿಲ್ಲಿಸಿದರೆ ನಷ್ಟ ಆ ಹುಡುಗಿಗೇ.

‘ಜನ ಅಂಕಣದ ಗೆರೆ ತುಳಿದುಕೊಂಡೇ ನಿಂತಿದ್ದರು’ ಎಂದು ನೀವು ನಡುವೆ ಒಂದು ಸಾಲು ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅದೇ. ಬೋನಸ್ ಸಿಗಬೇಕಾದರೆ ಎದುರು ಕನಿಷ್ಠ ಆರು ಆಟಗಾರ್ತಿಯರು ಇರಬೇಕು. ರೈಡರ್‌ನ ಒಂದು ಕಾಲು ಎದುರಾಳಿ ಅಂಕಣದೊಳಗಿನ ಬೋನಸ್ ಗೆರೆಯಾಚೆ ನೆಲ ಮುಟ್ಟಿರಬೇಕು, ಅದೇ ಹೊತ್ತಿಗೆ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಅಂಪೈರ್ ಗೆರೆಯ ನೇರಕ್ಕೆ ಬಗ್ಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅವರ ಬೆನ್ನಿಗೆ ಹತ್ತು ಜನ ಆತುಕೊಂಡಿದ್ದರೆ, ಹಿಂದಿನಿಂದ ಮೊಬೈಲ್ ಹಿಡಿದ ಕೈಗಳು ಮುಂದೆ ಚಾಚಿದ್ದರೆ ಅವರು ಏನು ನೋಡಿಯಾರು? ಅಷ್ಟು ಹತ್ತಿರ ನಿಂತ ಪ್ರತಿಯೊಬ್ಬನೂ ತಾನೇ ಅಂಪೈರ್ ಅಂದುಕೊಳ್ಳುತ್ತಾನೆ. ಆಮೇಲೆ ಒಳಗೆ ನುಗ್ಗಲು ಒಂದೇ ಹೆಜ್ಜೆ ಸಾಕು.

ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಅದರ ಸುತ್ತ ಮೂರು ನಾಲ್ಕು ಮೀಟರ್ ಬಿಟ್ಟು ಗಳ ನೆಟ್ಟು ಹಗ್ಗ ಕಟ್ಟುವುದು ದೊಡ್ಡ ಖರ್ಚೇನಲ್ಲ. ಎಂಟನೇ ಕ್ಲಾಸಿನವರೆಗೆ ಶಾಲೆಗೆ ಆಟದ ಮೈದಾನ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ನೋಡುವವರು ಎಲ್ಲಿ ಕೂರಬೇಕು ಅಂತ ಯೋಚಿಸುವವರೇ ಕಮ್ಮಿ. ನರೇಗಾದಲ್ಲಿ ಮೈದಾನ ಮಾಡಿಸಿದ ಪಂಚಾಯಿತಿಗಳು ನಮ್ಮಲ್ಲಿ ಎಷ್ಟೋ ಇವೆ. ನೆಲ ಸಮ ಮಾಡುವಾಗ ತೆಗೆದ ಮಣ್ಣನ್ನೇ ಒಂದು ಬದಿಗೆ ಏರಿ ಹಾಕಿ, ಮೂರು ಮೆಟ್ಟಿಲು ಕಡಿದರೆ ಜನ ಕೂತು ನೋಡಬಹುದು. ಕೂತವರು ನುಗ್ಗುವುದು ಕಡಿಮೆ.

ಹಾಗಂತ ಹಗ್ಗ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. 1999ರ ಜನವರಿ 31ರಂದು ಚೆನ್ನೈ ಟೆಸ್ಟ್‌ನಲ್ಲಿ ಸಚಿನ್ 136 ಹೊಡೆದರೂ ಭಾರತ ಪಾಕಿಸ್ತಾನದೆದುರು 12 ರನ್‌ನಿಂದ ಸೋತಿತು. ಅಲ್ಲಿನ ಚೆಪಾಕ್ ಸ್ಟೇಡಿಯಂನ ಜನ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಪಾಕಿಸ್ತಾನ ಕೋಲ್ಕತ್ತದಲ್ಲಿ ಆಡುವಾಗ ಈಡನ್ ಗಾರ್ಡನ್ಸ್‌ನಲ್ಲಿ ಗಲಾಟೆಯಾಯಿತು. ಪೊಲೀಸರು ಜನರನ್ನು ಆಚೆ ಕಳಿಸಿ, ಖಾಲಿ ಸ್ಟೇಡಿಯಂನಲ್ಲಿ ಪಂದ್ಯ ಮುಗಿಸಬೇಕಾಯಿತು. ಎರಡೂ ದೊಡ್ಡ ಸ್ಟೇಡಿಯಂಗಳೇ. ಬೇರೆಯಾಗಿದ್ದು ಜನ ನಡೆದುಕೊಂಡ ರೀತಿ. ಶಾಲೆಯ ಮೈದಾನದಲ್ಲಿ ಆ ರೀತಿಯನ್ನು ಮಕ್ಕಳು ಕಲಿಯುವುದು ದೊಡ್ಡವರನ್ನು ನೋಡಿ.

ನಿಮಗೂ ಗೊತ್ತಿರುತ್ತದೆ ಮೇಷ್ಟ್ರೇ, ಹುಡುಗರು ನುಗ್ಗುವುದು ಆಮೇಲೆ. ಅದಕ್ಕೂ ಮೊದಲು ‘ಏನ್ರೀ ಇದು ಅನ್ಯಾಯ!’ ಅಂತ ಕೂಗುವವರು ಬಹಳ ಸಲ ತಂಡದ ಜೊತೆ ಬಂದ ದೊಡ್ಡವರೇ. ರೆಫರಿಯೂ ಇನ್ನೊಂದು ಶಾಲೆಯ ಪಿ.ಟಿ. ಮೇಷ್ಟ್ರೇ ತಾನೇ? ಇವತ್ತು ಕೂಗಿದ ಮೇಷ್ಟ್ರು ನಾಳೆ ಸೀಟಿ ಹಿಡಿದಾಗ ಇವತ್ತಿನ ರೆಫರಿ ಆಚೆ ನಿಂತಿರುತ್ತಾರೆ. ತಕರಾರಿದ್ದರೆ ನಾಯಕಿ ಹೋಗಿ ಕೇಳಲಿ, ಉಳಿದವರು ಬಾಯಿ ಮುಚ್ಚಿಕೊಂಡಿರಲಿ. ಹುಡುಗಿಯರ ಮೈಕಟ್ಟು, ಬಟ್ಟೆಯ ಬಗ್ಗೆ ಕೀಳು ಮಾತಾಡುವವನಿಗಂತೂ ಎಚ್ಚರಿಕೆಯೂ ಬೇಡ. ಆಟ ನಿಲ್ಲಿಸಿ, ಅವನು ಗೇಟು ದಾಟಿದ ಮೇಲೆಯೇ ಮುಂದುವರಿಸಬೇಕು.

ನಿಮ್ಮ ತಾಲ್ಲೂಕಿನ ದೈಹಿಕ ಶಿಕ್ಷಣ ಪರಿವೀಕ್ಷಕರಿಗೆ ಪತ್ರ ಬರೆಯುವುದಾಗಿ ಹೇಳಿದ್ದೀರಿ. ಖಂಡಿತ ಬರೆಯಿರಿ, ಆದರೆ ಜನರನ್ನು ಬಿಡಬೇಡಿ ಅಂತ ಬರೆಯಬೇಡಿ. ಹಗ್ಗ ಕೇಳಿ. ಹುಡುಗಿಯರಿಗೆ ಬಟ್ಟೆ ಬದಲಿಸಲು ಚಿಲಕ ಇರುವ ಒಂದು ಕೋಣೆ, ನೀರಿರುವ ಶೌಚಾಲಯ ಕೇಳಿ. ಮೈಕ್ ಆತಿಥೇಯ ಶಾಲೆಯ ಕೈಯಲ್ಲೇ ಇರುವುದು ಬೇಡ ಎನ್ನಿ. ‘ನಮ್ಮ ಹುಡುಗಿಯರು, ನಮ್ಮ ಹುಡುಗಿಯರು’ ಅಂತ ಮೈಕೇ ಕೂಗುತ್ತಿದ್ದರೆ ಜನ ಸುಮ್ನೆ ಇರುತ್ತಾರಾ? ನೀವು ನಿವೃತ್ತರಾಗಿದ್ದೀರಿ, ಈಗ ಯಾವ ಶಾಲೆಗೂ ಸೇರಿದವರಲ್ಲ. ಮುಂದಿನ ಸಲ ಮೈಕ್ ನೀವೇ ಹಿಡಿಯಿರಿ. ಬೋನಸ್ ಯಾಕೆ ಕೊಟ್ಟರು, ಯಾಕೆ ಕೊಡಲಿಲ್ಲ ಅಂತ ಅಲ್ಲಿಂದಲೇ ಜನಕ್ಕೆ ಬಿಡಿಸಿ ಹೇಳಿ.

– ಸಂಪಾದಕ