ಕ್ಯಾಪ್ಟನ್ ಯಾಕೆ ಬಾಯಿ ಬಿಡಲಿಲ್ಲ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ. ಹಾಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಉಳಿದ ಓದುಗರಿಗೆ ಹೇಳಿಬಿಡುತ್ತೇನೆ. ನೀವಿದ್ದ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ದೊಡ್ಡದೊಂದು ಸದ್ದಾಯಿತು. ಗಗನಸಖಿಯರು ಓಡಾಟ ಬಿಟ್ಟು ತಮ್ಮ ಜಾಗದಲ್ಲಿ ಕೂತರು. ಆಮೇಲೆ ತುಂಬಾ ಹೊತ್ತು ಕಾಕ್‌ಪಿಟ್‌ನಿಂದ ಒಂದು ಮಾತೂ ಬರಲಿಲ್ಲ. ಕೊನೆಗೆ "ತಾಂತ್ರಿಕ ಕಾರಣದಿಂದ ವಾಪಸಾಗುತ್ತಿದ್ದೇವೆ" ಎಂಬ ಒಂದೇ ಸಾಲು. ಅಷ್ಟಾದ ಮೇಲೂ ಇಳಿಯದೆ ಸುತ್ತು ಹೊಡೆದರು. ಇಳಿದಾಗ ರನ್‌ವೇ ಪಕ್ಕದಲ್ಲಿ ಅಗ್ನಿಶಾಮಕ ವಾಹನಗಳ ಸಾಲು. ಆದರೂ ಬಾಗಿಲು ತೆರೆಯದೆ ಒಳಗೇ ಕೂರಿಸಿದರು. ಯಾರಿಗೂ ಏನೂ ಆಗಲಿಲ್ಲ ನಿಜ, ನಿಮ್ಮ ಸಿಟ್ಟು ಮಾತ್ರ ಇಳಿದಿಲ್ಲ. "ಹೇಳುವ ಸೌಜನ್ಯವೂ ಇಲ್ವಾ? ಕೆಳಗಿದ್ದ ಕಂಟ್ರೋಲ್ ಟವರ್‌ನವರಾದರೂ ಬೇಗ ಇಳಿಸಬಹುದಿತ್ತಲ್ಲ?" ಎಂದು ಕೇಳಿದ್ದೀರಿ.

ನಿಮ್ಮ ವಿಮಾನದಲ್ಲಿ ಕೆಟ್ಟಿದ್ದೇನು ಅನ್ನುವುದನ್ನು ಇಲ್ಲಿ ಕೂತು ಊಹಿಸಲು ಹೋಗುವುದಿಲ್ಲ. ಆದರೆ ನೀವು ಕಂಡ ಒಂದೊಂದಕ್ಕೂ ಕಾರಣವಿದೆ.

ಮಾತಿನ ವಿಷಯ ಮೊದಲು. ಅಂಥ ಹೊತ್ತಿನಲ್ಲಿ ಪ್ರಯಾಣಿಕರ ಜೊತೆ ಮಾತಾಡುವುದು ಪೈಲಟ್‌ಗಳಿಗೆ ಕಟ್ಟಕಡೆಯ ಕೆಲಸ. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಜೊತೆ ಮಾತಾಡುವುದು ಕೂಡ ಮೊದಲ ಕೆಲಸವಲ್ಲ, ಮೂರನೆಯದು. ಮೊದಲು ವಿಮಾನ ಹಾರಿಸು, ಆಮೇಲೆ ಎಲ್ಲಿಗೆ ಹೋಗಬೇಕೋ ನೋಡು, ಆಮೇಲೆ ಮಾತಾಡು ಎಂದು ತರಬೇತಿಯ ಶುರುವಿನಿಂದಲೇ ಅವರ ತಲೆಗೆ ತುಂಬುತ್ತಾರೆ. ಇಷ್ಟೇನಾ ಅನ್ನಿಸಬಹುದು. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ ಮಯಾಮಿಯಲ್ಲಿ ಇಳಿಯಲು ಹೊರಟಿತ್ತು. ಮುಂದಿನ ಚಕ್ರ ಕೆಳಗೆ ಬಂದಿದೆ ಎಂದು ತೋರಿಸುವ ದೀಪ ಹೊತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ಆಟೋಪೈಲಟ್ ಎತ್ತರ ಕಾಯುವುದನ್ನು ಬಿಟ್ಟಿದ್ದು ಯಾರ ಗಮನಕ್ಕೂ ಬರಲಿಲ್ಲ. ವಿಮಾನ ಮೆಲ್ಲಮೆಲ್ಲನೆ ಇಳಿಯುತ್ತಾ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 101 ಜನ ಸತ್ತರು. ಕೆಟ್ಟಿದ್ದು ಒಂದು ಬಲ್ಬು.

ಅದಕ್ಕೇ ಈಗ ಸದ್ದು ಕೇಳಿದ ಕೂಡಲೇ ಕೆಲಸ ಎರಡು ಪಾಲಾಗುತ್ತದೆ. ಒಬ್ಬರು ವಿಮಾನ ಹಾರಿಸುತ್ತಾರೆ, ಬೇರೆ ಯಾವುದಕ್ಕೂ ತಲೆ ಹಾಕುವುದಿಲ್ಲ. ಇನ್ನೊಬ್ಬರು ಚೆಕ್‌ಲಿಸ್ಟ್ ತೆಗೆದು ಓದುತ್ತಾರೆ, ರೇಡಿಯೋ ನೋಡಿಕೊಳ್ಳುತ್ತಾರೆ. ತಡ ಮಾಡಿದರೆ ಪ್ರಾಣಕ್ಕೇ ಕುತ್ತು ಬರುವ ಕೆಲವೇ ಹೆಜ್ಜೆಗಳನ್ನು ಮಾತ್ರ ಪುಸ್ತಕ ನೋಡದೆ ಮಾಡುತ್ತಾರೆ. ವಿಮಾನದೊಳಗಿನ ಗಾಳಿಯ ಒತ್ತಡ ಹೋದರೆ ಆಮ್ಲಜನಕದ ಮಾಸ್ಕ್ ಹಾಕಿಕೊಳ್ಳುವುದು ಅಂಥದ್ದು. 35,000 ಅಡಿಯಲ್ಲಿ ಮಾಸ್ಕ್ ಇಲ್ಲದಿದ್ದರೆ ಬುದ್ಧಿ ಸರಿಯಾಗಿ ಕೆಲಸ ಮಾಡುವುದು ಹೆಚ್ಚೆಂದರೆ 30ರಿಂದ 60 ಸೆಕೆಂಡ್. ಮಾಸ್ಕ್ ಏರಿಸಿ, ವಿಮಾನವನ್ನು 10,000 ಅಡಿಯತ್ತ ಇಳಿಸಲು ತೊಡಗಿದ ಮೇಲೆಯೇ ಉಳಿದ ಮಾತು.

ಉಳಿದೆಲ್ಲ ಕೆಲಸ ಬೇಕೆಂದೇ ನಿಧಾನ. ಇಂಜಿನ್ ಆರಿಸುವ ಲಿವರ್ ಮೇಲೆ ಒಬ್ಬರು ಕೈಯಿಟ್ಟು "ಇದೇನಾ?" ಅನ್ನುತ್ತಾರೆ, ಇನ್ನೊಬ್ಬರು ನೋಡಿ "ಹೌದು, ಅದೇ" ಅಂದ ಮೇಲೆಯೇ ಎಳೆಯುವುದು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ಬ್ರಿಟಿಷ್ ಮಿಡ್‌ಲ್ಯಾಂಡ್ ವಿಮಾನದಲ್ಲಿ ಅವಸರದಲ್ಲಿ ಚೆನ್ನಾಗಿದ್ದ ಬಲಗಡೆ ಇಂಜಿನ್ನನ್ನೇ ಆರಿಸಿಬಿಟ್ಟಿದ್ದರು. ಹಾಳಾಗಿದ್ದು ಎಡಗಡೆಯದು. 47 ಜನ ಸತ್ತರು. ಈ ಘಟನೆಯಲ್ಲಿ ನಿಮ್ಮ ಪರವಾದ ಒಂದು ಸಂಗತಿಯೂ ಇದೆ. ಬಲ ಇಂಜಿನ್‌ನಲ್ಲಿ ತೊಂದರೆ, ಅದನ್ನು ಆರಿಸಿದ್ದೇವೆ ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದ್ದರು. ಎಡ ಇಂಜಿನ್‌ನಿಂದ ಬೆಂಕಿ ಬರುವುದನ್ನು ಕಿಟಕಿಯಿಂದ ಕಂಡಿದ್ದವರು ಅದನ್ನು ಕೇಳಿಸಿಕೊಂಡರು, ಗೊಂದಲಪಟ್ಟರು, ಸುಮ್ಮನಿದ್ದರು. ವಿಷಯ ಮುಂದಕ್ಕೆ ಮುಟ್ಟಲೇ ಇಲ್ಲ. ಕಾಕ್‌ಪಿಟ್ ಮತ್ತು ಕ್ಯಾಬಿನ್ ನಡುವಿನ ಮಾತು ಬರೀ ಮರ್ಯಾದೆಯ ಪ್ರಶ್ನೆಯಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಪುರುಸೊತ್ತು ಸಿಕ್ಕ ಕೂಡಲೇ ಕ್ಯಾಪ್ಟನ್ ಮೊದಲು ಕರೆಯುವುದು ಕ್ಯಾಬಿನ್ ಮುಖ್ಯಸ್ಥರನ್ನು. ಏನಾಗಿದೆ, ಏನು ಮಾಡಲಿದ್ದೇವೆ, ಎಷ್ಟು ಸಮಯವಿದೆ, ವಿಶೇಷವಾಗಿ ಏನಾದರೂ ಮಾಡಬೇಕಾ ಎಂಬ ನಾಲ್ಕೇ ಮಾತು. ಕೇಳಿಸಿಕೊಂಡವರು ಅದನ್ನು ತಿರುಗಿ ಒಪ್ಪಿಸಬೇಕು. ನಿಮಗೆ ಸುದ್ದಿ ಬರುವುದು ಅದಾದ ಮೇಲೆ. ಆಗಲೂ "ತಾಂತ್ರಿಕ ಕಾರಣ" ಅಂದು ಕೈ ತೊಳೆದುಕೊಳ್ಳುವುದು ನನಗೂ ಹಿಡಿಸುವುದಿಲ್ಲ. "ಒಂದು ಇಂಜಿನ್ ಆರಿಸಿದ್ದೇವೆ, ಇನ್ನೊಂದರಲ್ಲೇ ಆರಾಮಾಗಿ ಇಳಿಯಬಹುದು" ಎಂದರೆ ಜನ ಓಡಿಹೋಗುತ್ತಾರೆಯೇ? ಓಡಲು ಅಲ್ಲಿ ಜಾಗವಾದರೂ ಎಲ್ಲಿದೆ!

ಇನ್ನು ಕಂಟ್ರೋಲರ್ ಕೈಯಲ್ಲಿ ಏನಿದೆ ಎಂಬುದು. ಅವರು ಹೇಳಿದಂತೆ ಪೈಲಟ್ ಮಾಡುತ್ತಾರೆ ಅಂದುಕೊಂಡಿದ್ದೀರಿ. ದಿನನಿತ್ಯದ ಹಾರಾಟದಲ್ಲಿ ಅದು ಬಹುಮಟ್ಟಿಗೆ ನಿಜ. ಯಾವ ಎತ್ತರ, ಯಾವ ದಿಕ್ಕು, ಯಾರ ಹಿಂದೆ ಯಾರು, ಎಲ್ಲ ಅವರೇ ಹೇಳುವುದು. ತುರ್ತು ಪರಿಸ್ಥಿತಿಯಲ್ಲಿ ಇದು ತಲೆಕೆಳಗಾಗುತ್ತದೆ. ಕೊನೆಯ ಮಾತು ಕ್ಯಾಪ್ಟನ್‌ದು, ಅಗತ್ಯಬಿದ್ದರೆ ನಿಯಮ ಮುರಿಯುವ ಅಧಿಕಾರವೂ ಅವರದೇ. ಕಂಟ್ರೋಲರ್ ಎದುರಿಗಿರುವುದು ಪರದೆಯ ಮೇಲಿನ ಒಂದು ಗುರುತು, ಅದರ ಪಕ್ಕ ಎತ್ತರ ಮತ್ತು ವೇಗ. ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿದೆಯೋ ಇಲ್ಲವೋ ಅವರಿಗೆ ಕಾಣುವುದಿಲ್ಲ. ಹಾಗಾಗಿ ಅವರು ದಾರಿ ಬಿಡಿಸುತ್ತಾರೆ. ಸುತ್ತಮುತ್ತಲಿನ ವಿಮಾನಗಳನ್ನು ದೂರ ಸರಿಸುತ್ತಾರೆ, ಆ ರೇಡಿಯೋ ತರಂಗಾಂತರದಲ್ಲಿ ಬೇರೆಯವರ ಮಾತು ನಿಲ್ಲಿಸುತ್ತಾರೆ, ಫೋನೆತ್ತಿ ವಿಮಾನ ನಿಲ್ದಾಣಕ್ಕೂ ಅಗ್ನಿಶಾಮಕ ದಳಕ್ಕೂ ಹೇಳುತ್ತಾರೆ. ಪೈಲಟ್‌ಗೆ ಅವರು ಕೇಳುವ ಪ್ರಶ್ನೆ ಬೆರಳೆಣಿಕೆಯಷ್ಟು: ತೊಂದರೆ ಏನು, ಏನು ಮಾಡಬೇಕೆಂದಿದ್ದೀರಿ, ಒಳಗೆ ಒಟ್ಟು ಎಷ್ಟು ಜೀವಗಳಿವೆ, ಎಷ್ಟು ಹೊತ್ತಿನ ಇಂಧನವಿದೆ. ಜೀವಗಳ ಲೆಕ್ಕ ಕೇಳುವುದನ್ನು ಕಂಡು ಹೆದರಬೇಕಿಲ್ಲ. ಕೈಕೂಸೂ ಸಿಬ್ಬಂದಿಯೂ ಸೇರಿ ಎಷ್ಟು ಜನರನ್ನು ಹೊರಗೆ ತರಬೇಕೆಂದು ರಕ್ಷಣೆಗೆ ಬರುವವರಿಗೆ ಗೊತ್ತಿರಬೇಕಲ್ಲ. ಪೈಲಟ್ "ತಾಳಿ" ಅಂದರೆ ಕಂಟ್ರೋಲರ್ ತಾಳುತ್ತಾರೆ.

ಈ ಕೆಲಸ ಎಷ್ಟು ಚೆನ್ನಾಗಿ ಆಗಬಹುದು ಅನ್ನುವುದಕ್ಕೆ 2009ರ ಜನವರಿ 15ರ ನ್ಯೂಯಾರ್ಕ್ ಘಟನೆಯನ್ನು ನೋಡಿ. ಯುಎಸ್ ಏರ್‌ವೇಸ್‌ನ 1549ನೇ ವಿಮಾನ ಲಗಾರ್ಡಿಯಾ ನಿಲ್ದಾಣದಿಂದ ಏರಿ ಸುಮಾರು 2,800 ಅಡಿಯಲ್ಲಿದ್ದಾಗ ಹಕ್ಕಿಗಳು ಬಡಿದು ಎರಡೂ ಇಂಜಿನ್ ಶಕ್ತಿ ಕಳೆದುಕೊಂಡವು. ಅಲ್ಲಿಂದ ನೀರಿಗಿಳಿಯುವವರೆಗೆ ಸಿಕ್ಕಿದ್ದು ಮೂರೂವರೆ ನಿಮಿಷ. ಹಾರಿಸುತ್ತಿದ್ದದ್ದು ಸಹ ಪೈಲಟ್ ಜೆಫ್ರಿ ಸ್ಕೈಲ್ಸ್. ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಒಂದೇ ಮಾತಿನಲ್ಲಿ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ಸ್ಕೈಲ್ಸ್ ಚೆಕ್‌ಲಿಸ್ಟ್ ಹಿಡಿದರು. ಅದು ತುಂಬಾ ಎತ್ತರದಲ್ಲಿ ಇಂಜಿನ್ ನಿಂತರೆಂದು ಬರೆದ ಉದ್ದನೆಯ ಪಟ್ಟಿ, ಮುಗಿಸಲು ಹೊತ್ತೇ ಇರಲಿಲ್ಲ. ಕೆಳಗೆ ಕಂಟ್ರೋಲರ್ ಪ್ಯಾಟ್ರಿಕ್ ಹಾರ್ಟನ್ ಕೂಡಲೇ ಮಾಡಿದ್ದೇನು ಗೊತ್ತಾ? ಲಗಾರ್ಡಿಯಾ ಟವರ್‌ಗೆ ಹೇಳಿ ಹೊರಡುವ ವಿಮಾನಗಳನ್ನೆಲ್ಲ ನಿಲ್ಲಿಸಿದರು. ಟವರ್‌ನವರು ಯಾವ ಇಂಜಿನ್ ಎಂದು ಕೇಳಿದರು. ಎರಡೂ ಹೋಗಿವೆ ಅನ್ನುವುದು ಅವರ ಊಹೆಗೂ ಬಂದಿರಲಿಲ್ಲ. ಹಾರ್ಟನ್ ಒಂದು ರನ್‌ವೇ ಹೆಸರು ಹೇಳಿದರು, ಆಗುವುದಿಲ್ಲ ಎಂದು ಉತ್ತರ ಬಂತು. ಇನ್ನೊಂದು ಹೇಳಿದರು, ಅದೂ ಆಗುವುದಿಲ್ಲ. ನದಿಯಾಚೆಯ ಟೀಟರ್‌ಬರೋ ನಿಲ್ದಾಣದಲ್ಲಿ ಇಳಿಯಲು ಜಾಗ ಸಿದ್ಧ ಮಾಡಿಸಿಕೊಂಡು ಬಂದು ಹೇಳಿದರು, ಅದೂ ಆಗಲಿಲ್ಲ. ಹಡ್ಸನ್ ನದಿಗೆ ಇಳಿಯುತ್ತಿದ್ದೇವೆ ಎಂಬ ಉತ್ತರ ಬಂತು. ಹಾರ್ಟನ್ ಒಮ್ಮೆಯೂ ಯಾಕೆ ಆಗುವುದಿಲ್ಲ ಎಂದು ಕೇಳಲಿಲ್ಲ. ಹೀಗೆ ಮಾಡಿ ಎಂದು ಹಟ ಹಿಡಿಯಲಿಲ್ಲ. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ತೆಗೆದಿಟ್ಟರು. ವಿಮಾನದಲ್ಲಿದ್ದ 155 ಜನರೂ ಬದುಕಿದರು.

ಆದರೆ ದಾರಿ ಬಿಡಿಸಬೇಕಾದರೆ ದಾರಿ ಬೇಕೆಂದು ಕೇಳಿರಬೇಕು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ. ಪ್ರಾಣಾಪಾಯವಿದ್ದರೆ "ಮೇಡೇ" ಎಂದು ಮೂರು ಸಲ ಹೇಳಬೇಕು. ತುರ್ತಿದೆ, ಆದರೆ ತಕ್ಷಣ ಪ್ರಾಣಾಪಾಯವಿಲ್ಲ ಅಂದರೆ "ಪ್ಯಾನ್ ಪ್ಯಾನ್" ಎಂದು ಮೂರು ಸಲ. ಜೊತೆಗೆ ವಿಮಾನದ ಗುರುತನ್ನು ಕೆಳಗಿನವರಿಗೆ ಕಳಿಸುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣದಲ್ಲಿ 7700 ಒತ್ತಿದರೆ ಕಂಟ್ರೋಲರ್‌ಗಳ ಪರದೆಯಲ್ಲಿ ಆ ವಿಮಾನ ಎದ್ದು ಕಾಣುತ್ತದೆ. ಇಷ್ಟು ಸುಲಭ. ಆದರೂ ಜನ ಹಿಂಜರಿಯುತ್ತಾರೆ.

1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಅವಿಯಾಂಕಾ 52ನೇ ವಿಮಾನವನ್ನು ಹವಾಮಾನ ಮತ್ತು ದಟ್ಟಣೆಯಿಂದಾಗಿ ಮೂರು ಕಡೆ ಆಕಾಶದಲ್ಲೇ ಕಾಯಿಸಿದರು. ಒಟ್ಟು 1 ಗಂಟೆ 17 ನಿಮಿಷ. ಸಹ ಪೈಲಟ್ ತಮಗೆ ಆದ್ಯತೆ ಬೇಕು ಎಂದರು, ಬದಲಿ ನಿಲ್ದಾಣಕ್ಕೆ ಹೋಗುವಷ್ಟು ಇಂಧನ ಈಗ ಇಲ್ಲ ಎಂದೂ ಹೇಳಿದರು. ಅದನ್ನು ಕೇಳಿಸಿಕೊಂಡವರು ಮುಂದಿನ ಕಂಟ್ರೋಲರ್‌ಗೆ ಪೂರ್ತಿ ದಾಟಿಸಲಿಲ್ಲ. ಇಳಿಯುವ ಮೊದಲ ಯತ್ನ ಗಾಳಿಯ ಹೊಡೆತಕ್ಕೆ ತಪ್ಪಿತು. ನಮ್ಮದು ತುರ್ತು ಸ್ಥಿತಿ ಅಂತ ಹೇಳು ಎಂದರು ಕ್ಯಾಪ್ಟನ್. ಸಹ ಪೈಲಟ್ ರೇಡಿಯೋದಲ್ಲಿ ಹೇಳಿದ್ದು, ಇನ್ನೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಿದೆ ಎಂದು. ನಿಮ್ಮನ್ನು 15 ಮೈಲಿ ಆಚೆ ಕರೆದೊಯ್ದು ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಸರಿಯಾ ಎಂದು ಕಂಟ್ರೋಲರ್ ಕೇಳಿದರು. ಸರಿ ಅನ್ನಿಸುತ್ತದೆ, ಥ್ಯಾಂಕ್ಯೂ ಎಂದು ಉತ್ತರ ಬಂತು! ಸ್ವಲ್ಪ ಹೊತ್ತಿಗೆ ಇಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನ ಲಾಂಗ್ ಐಲೆಂಡ್‌ನ ಗುಡ್ಡದ ಮೇಲೆ ಬಿತ್ತು. ಒಳಗಿದ್ದ 158 ಜನರಲ್ಲಿ 73 ಮಂದಿ ಸತ್ತರು. ಬೆಂಕಿ ಹತ್ತಲಿಲ್ಲ, ಹತ್ತಲು ಇಂಧನವೇ ಉಳಿದಿರಲಿಲ್ಲ.

ಈ ಸಂಭಾಷಣೆಯಲ್ಲಿ ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದ್ದಾರೆ. ಅದೇ ನನ್ನನ್ನು ಕಾಡುವುದು. ಕಂಟ್ರೋಲರ್‌ಗೆ ಆ ರಾತ್ರಿ ಇಂಧನದ ಚಿಂತೆ ಹೇಳಿಕೊಳ್ಳುವ ವಿಮಾನಗಳು ಹೊಸತೇನಲ್ಲ. "ಮೇಡೇ" ಅಂದಿದ್ದರೆ ಎಲ್ಲರನ್ನೂ ಬದಿಗೆ ಸರಿಸಲೇಬೇಕಿತ್ತು. ಈಗ ನಿಯಮದಲ್ಲಿ ಇಂಧನಕ್ಕೆಂದೇ ಎರಡು ಮೆಟ್ಟಿಲಿವೆ. ಇನ್ನು ತಡವಾದರೆ ಕೊನೆಯ ಮೀಸಲಿಗೆ ಕೈ ಹಾಕಬೇಕಾದೀತು ಎಂದಾಗ "ಮಿನಿಮಮ್ ಫ್ಯೂಯಲ್" ಎಂದು ತಿಳಿಸಬೇಕು. ಇಳಿಯುವ ಹೊತ್ತಿಗೆ ಆ ಮೀಸಲು, ಅಂದರೆ ಜೆಟ್ ವಿಮಾನಗಳಿಗೆ 30 ನಿಮಿಷದ ಇಂಧನ, ಪೂರ್ತಿ ಉಳಿಯುವುದಿಲ್ಲ ಎಂದು ಲೆಕ್ಕ ಬಂದರೆ "ಮೇಡೇ ಫ್ಯೂಯಲ್" ಅನ್ನಲೇಬೇಕು. ಆದ್ಯತೆ ಸಿಗುವುದು ಎರಡನೆಯದಕ್ಕೆ ಮಾತ್ರ.

ಸುತ್ತು ಹೊಡೆದಿದ್ದಕ್ಕೆ ಬರುತ್ತೇನೆ. ಎರಡು ಕಾರಣ ಇರಬಹುದು. ಒಂದು ತೂಕ. ಆಗಷ್ಟೇ ಏರಿದ ವಿಮಾನದಲ್ಲಿ ಇಂಧನ ಜಾಸ್ತಿ ಇರುತ್ತದೆ. ಕೆಲವು ದೊಡ್ಡ ವಿಮಾನಗಳು ಅದನ್ನು ಆಕಾಶದಲ್ಲೇ ಚೆಲ್ಲಬಲ್ಲವು. ಎ320, 737 ತರಹದ ಚಿಕ್ಕ ಜೆಟ್‌ಗಳಲ್ಲಿ ಆ ವ್ಯವಸ್ಥೆಯೇ ಇಲ್ಲ, ಹಾರಿಯೇ ಸುಡಬೇಕು. ಬೆಂಕಿ ಬಿದ್ದಿದ್ದರೆ ತೂಕ ಗೀಕ ನೋಡದೆ ಇಳಿಸುತ್ತಾರೆ. ಇನ್ನೊಂದು ಕಾರಣ, ಚೆಕ್‌ಲಿಸ್ಟ್ ಮುಗಿದಿರುವುದಿಲ್ಲ. ಅವಸರವಿಲ್ಲದಿದ್ದರೆ, ಬ್ರೇಕ್ ಹಿಡಿಯುತ್ತದಾ, ರನ್‌ವೇ ಸಾಲುತ್ತದಾ ಎಂದು ಲೆಕ್ಕ ಹಾಕಿಯೇ ಇಳಿಯುವುದು ಒಳ್ಳೆಯದು. ಹಾಗಂತ ಸುತ್ತುವುದೇ ಅಪಾಯವಾಗುವುದೂ ಉಂಟು. 1978ರ ಡಿಸೆಂಬರ್ 28ರಂದು ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ 173ನೇ ವಿಮಾನದ ಕ್ಯಾಪ್ಟನ್ ಚಕ್ರದ ತೊಂದರೆ ನೋಡುತ್ತಾ ಸುಮಾರು ಒಂದು ಗಂಟೆ ಸುತ್ತಿದರು. ಇಂಧನ ಇಳಿಯುತ್ತಿದೆ ಎಂದು ಜೊತೆಯವರು ಮೆಲ್ಲನೆ ಹೇಳಿದರೇ ಹೊರತು ಗಟ್ಟಿಯಾಗಿ ಹೇಳಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು, 10 ಜನ ಸತ್ತರು. ಕ್ಯಾಪ್ಟನ್ ಎದುರು ಕಿರಿಯರೂ ಬಾಯಿಬಿಟ್ಟು ಹೇಳುವುದನ್ನು ತರಬೇತಿಯಲ್ಲೇ ಕಲಿಸುವ ಪದ್ಧತಿ ಬಂದಿದ್ದು ಮುಖ್ಯವಾಗಿ ಈ ಅಪಘಾತದ ನಂತರ.

ಅಗ್ನಿಶಾಮಕ ವಾಹನಗಳು ಬಂದವೆಂದರೆ ಬೆಂಕಿ ಇತ್ತು ಎಂದಲ್ಲ. ಕರೆ ಬಂದ 3 ನಿಮಿಷದೊಳಗೆ ರನ್‌ವೇಯ ಯಾವ ಮೂಲೆಗಾದರೂ ಮುಟ್ಟಬೇಕು ಅನ್ನುವುದು ಅವರಿಗಿರುವ ಅಂತರರಾಷ್ಟ್ರೀಯ ಗುರಿ. ಮೊದಲೇ ಗೊತ್ತಿದ್ದರೆ ಬಂದು ನಿಂತಿರುತ್ತಾರೆ, ಅಷ್ಟೇ.

ಒಳಗೇ ಕೂರಿಸಿದ್ದು ನಿಮಗೆ ತೀರಾ ಸಿಟ್ಟು ಬರಿಸಿದೆ. ತುರ್ತು ಬಾಗಿಲಿನ ಜಾರುಬಂಡೆಯಿಂದ ಇಳಿಸಿದರೆ ಕೈಕಾಲು ಮುರಿಯುವವರು ಇದ್ದೇ ಇರುತ್ತಾರೆ. ಅದಕ್ಕೇ ಒಳಗಿರುವುದು ಹೊರಗಿರುವುದಕ್ಕಿಂತ ಅಪಾಯವೇ ಎಂದು ಕ್ಯಾಪ್ಟನ್ ತೂಗಿ ನೋಡುತ್ತಾರೆ. 2010ರ ನವೆಂಬರ್ 4ರಂದು ಸಿಂಗಾಪುರದಿಂದ ಹೊರಟ ಕ್ವಾಂಟಾಸ್ 32ನೇ ವಿಮಾನದ ಒಂದು ಇಂಜಿನ್ ಒಡೆದು ಚೂರುಗಳು ರೆಕ್ಕೆಯನ್ನು ತೂರಿಕೊಂಡು ಹೋದವು. ಎ380, ಒಳಗೆ 469 ಜನ. ಐವರು ಪೈಲಟ್‌ಗಳು ಸುಮಾರು 50 ನಿಮಿಷ ಎಚ್ಚರಿಕೆ ಸಂದೇಶಗಳನ್ನು ಒಂದೊಂದಾಗಿ ಬಿಡಿಸಿದರು. ವಾಪಸ್ ಬಂದು ಇಳಿದಾಗ ಮುಂದೆ ಉಳಿದಿದ್ದ ರನ್‌ವೇ 150 ಮೀಟರ್. ಇಂಧನ ಸೋರುತ್ತಿತ್ತು, ಬ್ರೇಕ್‌ಗಳು ಕಾದು ಕೆಂಡವಾಗಿದ್ದವು. ಅದರ ಮೇಲೆ ಇನ್ನೊಂದು ಇಂಜಿನ್ ಆರಿಸಿದರೂ ಆರದೆ ಸುಮಾರು 3 ಗಂಟೆ ತಿರುಗುತ್ತಲೇ ಇತ್ತು. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಜನರನ್ನು ಒಳಗೇ ಇರಿಸಿದರು. ಅಗ್ನಿಶಾಮಕ ದಳ ಸೋರಿದ ಇಂಧನದ ಮೇಲೆ ನೊರೆ ಹೊಡೆಯಿತು. ಮುಕ್ಕಾಲು ಗಂಟೆಗೂ ಹೆಚ್ಚು ಕಾದ ಮೇಲೆ ಬಲಗಡೆ ಒಂದು ಬಾಗಿಲಿಗೆ ಮೆಟ್ಟಿಲು ತಂದಿಟ್ಟು ಇಳಿಸಲು ತೊಡಗಿದರು. ಒಬ್ಬರಿಗೂ ಗಾಯವಾಗಲಿಲ್ಲ.

- ಸಂಪಾದಕ