ಫೋನಿನಿಂದ ಪ್ರಿಂಟ್ ಬರುತ್ತೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ‘ಆಫ್‌ಲೈನ್’: ಯಾಕೆ ಹೀಗೆ?

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಪ್ರಿಂಟರ್‌ನ ವೈಫೈ ದೀಪ ಸರಿಯಾಗಿ ಉರಿಯುತ್ತಿದೆ. ಫೋನಿನಿಂದ ಕೊಟ್ಟರೆ ಪ್ರಿಂಟ್ ಬರುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಮಾತ್ರ ‘ಆಫ್‌ಲೈನ್’ ಅನ್ನುತ್ತದೆ. ಪ್ರಿಂಟರನ್ನು ತೆಗೆದು ಹೊಸದಾಗಿ ಸೇರಿಸಿದರೆ ಮೂರ್ನಾಲ್ಕು ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ರಾತ್ರಿ ಮಲಗುವಾಗ ರೂಟರ್ ಆಫ್ ಮಾಡುತ್ತೇನೆ ಅಂತ ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ. ನನ್ನ ಕಣ್ಣು ನಿಂತಿದ್ದು ಆ ಸಾಲಿನ ಮೇಲೆ.

ಮೊದಲೇ ಹೇಳಿಬಿಡುತ್ತೇನೆ, ಮೂರನೇ ಸಲ ಡ್ರೈವರ್ (ಪ್ರಿಂಟರ್ ಜೊತೆ ಮಾತಾಡಲು ಲ್ಯಾಪ್‌ಟಾಪಿಗೆ ಬೇಕಾದ ತಂತ್ರಾಂಶ) ಅನ್‌ಇನ್‌ಸ್ಟಾಲ್ ಮಾಡಲು ಹೋಗಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಪ್ರಿಂಟರೂ ಕೆಟ್ಟಿಲ್ಲ, ಡ್ರೈವರೂ ಕೆಟ್ಟಿಲ್ಲ. ಪ್ರಿಂಟರ್ ಮನೆ ಬದಲಾಯಿಸಿದೆ. ಲ್ಯಾಪ್‌ಟಾಪ್ ಇನ್ನೂ ಹಳೇ ಮನೆಯ ಬಾಗಿಲು ತಟ್ಟುತ್ತಿದೆ.

ಆಗುವುದು ಇಷ್ಟೇ. ವೈಫೈಗೆ ಸೇರಿದ ಪ್ರತಿಯೊಂದಕ್ಕೂ ರೂಟರ್ ಒಂದು ಐಪಿ ವಿಳಾಸ ಕೊಡುತ್ತದೆ. 192.168.1.7 ಅಂತ ಇಟ್ಟುಕೊಳ್ಳಿ. ಇದು ಸ್ವಂತ ಮನೆಯಲ್ಲ, ಬಾಡಿಗೆ ಮನೆ. ವಾಯಿದೆಯೂ ಇರುತ್ತದೆ, ಎಷ್ಟೋ ರೂಟರ್‌ಗಳಲ್ಲಿ 24 ಗಂಟೆ. ರೂಟರ್, ಪ್ರಿಂಟರ್ ಎರಡೂ ಆನ್ ಇದ್ದರೆ ವಾಯಿದೆ ಮುಗಿಯುವ ಮೊದಲೇ ಪ್ರಿಂಟರ್ ತಾನೇ ಅದನ್ನು ಮುಂದುವರಿಸಿಕೊಳ್ಳುತ್ತದೆ, ವಿಳಾಸ ಬದಲಾಗುವುದಿಲ್ಲ. ಆದರೆ ಕರೆಂಟ್ ತೆಗೆದರೆ ಕೆಲವು ರೂಟರ್‌ಗಳು ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಅನ್ನುವ ಪಟ್ಟಿಯನ್ನೇ ಮರೆತುಬಿಡುತ್ತವೆ. ಬೆಳಿಗ್ಗೆ ಮೊದಲು ಬಂದ ಫೋನಿಗೋ ಟಿವಿಗೋ ಆ 7 ಹೋಗುತ್ತದೆ. ಪ್ರಿಂಟರ್‌ಗೆ 12 ಸಿಗುತ್ತದೆ. ಲ್ಯಾಪ್‌ಟಾಪ್ 7ರ ಬಾಗಿಲಿಗೇ ಹೋಗಿ, ಉತ್ತರ ಸಿಗದೆ ‘ಆಫ್‌ಲೈನ್’ ಅಂತ ಬರೆಯುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡಿದಾಗ ಸರಿಹೋಗುತ್ತಿದ್ದದ್ದು ಡ್ರೈವರ್ ಹೊಸದಾಗಿದ್ದಕ್ಕಲ್ಲ, ಆ ನೆಪದಲ್ಲಿ ಹೊಸ ವಿಳಾಸ ಬರೆದುಕೊಂಡಿದ್ದಕ್ಕೆ.

ಹಾಗಾದರೆ ಫೋನಿಗೆ ಯಾಕೆ ತೊಂದರೆ ಆಗಲಿಲ್ಲ? ಫೋನ್ ವಿಳಾಸ ಬರೆದಿಟ್ಟುಕೊಳ್ಳುವುದೇ ಇಲ್ಲ. ಪ್ರಿಂಟ್ ಒತ್ತಿದಾಗೆಲ್ಲ ‘ಇಲ್ಲಿ ಪ್ರಿಂಟರ್ ಯಾರಿದ್ದೀರಪ್ಪಾ?’ ಅಂತ ಇಡೀ ನೆಟ್‌ವರ್ಕ್‌ಗೆ ಕೇಳುವಂತೆ ಕೂಗುತ್ತದೆ. ‘ನಾನಿದ್ದೇನೆ, ಇವತ್ತು ಈ ವಿಳಾಸದಲ್ಲಿದ್ದೇನೆ’ ಅಂತ ಪ್ರಿಂಟರ್ ಓಗೊಡುತ್ತದೆ. ಈ ಕೂಗಿಗೆ ಎಂಡಿಎನ್‌ಎಸ್ ಅಂತ ಹೆಸರು, ಆಪಲ್‌ನವರು ಬಾಂಜೂರ್ ಅನ್ನುತ್ತಾರೆ. ಐಫೋನಿನಿಂದ ನೇರವಾಗಿ ಪ್ರಿಂಟ್ ಕೊಡಲು 2010ರಲ್ಲಿ ಬಂದ ಅವರ ಏರ್‌ಪ್ರಿಂಟ್ ನಿಂತಿರುವುದೇ ಇದರ ಮೇಲೆ. ಆಂಡ್ರಾಯ್ಡ್ ಫೋನುಗಳೂ ಹೀಗೇ ಹುಡುಕುತ್ತವೆ.

ಇದನ್ನು ನಾನು ಕಲಿತಿದ್ದು ಒಂದು ನಡುರಾತ್ರಿ. ಅವತ್ತು ಹಗಲೆಲ್ಲ ಒಂದೇ ಅರ್ಜಿಯನ್ನು ಪ್ರಿಂಟ್ ಮಾಡಲು ಒದ್ದಾಡಿದ್ದೆ. ಆಫ್‌ಲೈನ್, ಮತ್ತೆ ಕ್ಲಿಕ್, ಆಫ್‌ಲೈನ್, ಮತ್ತೆ ಕ್ಲಿಕ್. ಕೊನೆಗೆ ಸಿಟ್ಟು ಬಂದು ರೂಟರ್‌ನ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕಿ ಮಲಗಿದೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ರಾತ್ರಿ ಪಕ್ಕದ ಕೋಣೆಯಲ್ಲಿ ಕರಕರ ಸದ್ದು. ಎದ್ದು ಹೋಗಿ ನೋಡಿದರೆ ಅದೇ ಅರ್ಜಿಯ 14 ಪ್ರತಿಗಳು ನೆಲದ ಮೇಲೆ, ಹದಿನೈದನೆಯದು ಬರುತ್ತಿದೆ! ರೂಟರ್ ಹೊಸದಾಗಿ ಹಂಚುವಾಗ ಪ್ರಿಂಟರ್‌ಗೆ ಅದೃಷ್ಟಕ್ಕೆ ಹಳೇ ವಿಳಾಸವೇ ಸಿಕ್ಕಿತ್ತು. ಕ್ಯೂನಲ್ಲಿ, ಅಂದರೆ ಪ್ರಿಂಟ್‌ಗೆ ಕಾದು ನಿಲ್ಲುವ ಸಾಲಿನಲ್ಲಿ, ಇದ್ದ ಅಷ್ಟೂ ಒಟ್ಟಿಗೆ ಹೊರಟಿದ್ದವು. ಪ್ರಿಂಟರ್‌ಗೆ ಏನೂ ಆಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆದ್ದರಿಂದ ನೀವು ಮುಂದಿನದಕ್ಕೆ ಕೈಹಾಕುವ ಮೊದಲು ಕ್ಯೂ ತೆರೆದು ಅದರಲ್ಲಿರುವುದನ್ನೆಲ್ಲ ಕ್ಯಾನ್ಸಲ್ ಮಾಡಿ. ಕಾಗದ ಉಳಿಯುತ್ತದೆ.

ಈಗ ನನ್ನ ಊಹೆ ಸರಿಯೋ ತಪ್ಪೋ ಅಂತ ಎರಡು ನಿಮಿಷದಲ್ಲಿ ತಿಳಿದುಕೊಳ್ಳಬಹುದು. ಪ್ರಿಂಟರ್‌ನ ಪರದೆಯಲ್ಲಿ ನೆಟ್‌ವರ್ಕ್ ಮೆನು ತೆರೆದು ಐಪಿ ವಿಳಾಸ ನೋಡಿ. ಪರದೆ ಇಲ್ಲದ ಮಾದರಿಯಾದರೆ ನೆಟ್‌ವರ್ಕ್ ವಿವರದ ಪುಟ ಒಂದನ್ನು ಅದೇ ಪ್ರಿಂಟ್ ಮಾಡಿಕೊಡುತ್ತದೆ. ಯಾವ ಬಟನ್ ಒತ್ತಬೇಕು ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ, ಅದರ ಕೈಪಿಡಿಯಲ್ಲಿ ಇರುತ್ತದೆ. ಆ ವಿಳಾಸವನ್ನು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ, ವೆಬ್‌ಸೈಟ್ ವಿಳಾಸ ಬರೆಯುವ ಜಾಗದಲ್ಲೇ ಟೈಪ್ ಮಾಡಿ ಎಂಟರ್ ಒತ್ತಿ. ಸಾಮಾನ್ಯವಾಗಿ ಪ್ರಿಂಟರ್‌ನದೇ ಒಂದು ಪುಟ್ಟ ಪುಟ ತೆರೆಯುತ್ತದೆ, ಇಂಕ್ ಎಷ್ಟಿದೆ ಅಂತೆಲ್ಲ ತೋರಿಸುತ್ತದೆ. ಸುರಕ್ಷಿತವಲ್ಲ ಅಂತ ಬ್ರೌಸರ್ ಎಚ್ಚರಿಸಿದರೆ ಗಾಬರಿ ಬೇಡ, ಮನೆಯೊಳಗಿನ ಸಾಧನಗಳಿಗೆ ಅದು ಹಾಗೇ ಹೇಳುತ್ತದೆ.

ಆ ಪುಟ ತೆರೆದರೆ ದಾರಿ ಸರಿಯಿದೆ, ಲ್ಯಾಪ್‌ಟಾಪ್ ಬರೆದುಕೊಂಡಿರುವ ವಿಳಾಸ ತಪ್ಪಿದೆ ಅಂತ ಅರ್ಥ. ತೆರೆಯದಿದ್ದರೆ ದಾರಿಯೇ ಕಟ್ಟಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ತೆರೆಯಿತು ಅಂತ ಇಟ್ಟುಕೊಳ್ಳೋಣ. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ಗೆ ಹೋಗಿ. ಅಲ್ಲಿ ನಿಮ್ಮ ಪ್ರಿಂಟರ್ ಹೆಸರು ಎರಡು ಸಲ ಇದೆಯಾ, ಒಂದರ ಪಕ್ಕ ‘ಕಾಪಿ 1’ ಅಂತ ಇದೆಯಾ ನೋಡಿ. ಎರಡು ಸಲ ಇನ್‌ಸ್ಟಾಲ್ ಮಾಡಿದ್ದೀರಲ್ಲ, ಇರುವ ಸಾಧ್ಯತೆ ಜಾಸ್ತಿ. ಒಂದು ಸತ್ತ ವಿಳಾಸದ್ದು, ಒಂದು ಜೀವ ಇರುವುದು. ನಾವು ಪ್ರಿಂಟ್ ಕೊಡುತ್ತಿರುವುದು ಯಾವಾಗಲೂ ಸತ್ತದ್ದಕ್ಕೇ! ಅದೇ ಜಾಗದಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್’ ಅಂತ ಒಂದು ಸ್ವಿಚ್ ಇದೆ. ಅದು ಆನ್ ಇದ್ದರೆ ಕೊನೆಯ ಸಲ ಬಳಸಿದ ಪ್ರಿಂಟರೇ ಡಿಫಾಲ್ಟ್ ಆಗಿಬಿಡುತ್ತದೆ. ನಾನಂತೂ ಮೊದಲ ದಿನವೇ ಅದನ್ನು ಆಫ್ ಮಾಡಿಬಿಡುತ್ತೇನೆ.

ಬೇಡದ ಪ್ರತಿಯನ್ನು ತೆಗೆದು, ಉಳಿದದ್ದರ ಮೇಲೆ ಒತ್ತಿ ಪ್ರಿಂಟರ್ ಪ್ರಾಪರ್ಟೀಸ್ ತೆರೆಯಿರಿ. ಪ್ರಿಂಟಿಂಗ್ ಪ್ರಿಫರೆನ್ಸಸ್ ಅಲ್ಲ, ಅದು ಬೇರೆ. ಒಳಗೆ ಪೋರ್ಟ್ಸ್ ಅನ್ನುವ ಟ್ಯಾಬ್ ಇದೆ, ಪ್ರಿಂಟ್ ಯಾವ ವಿಳಾಸಕ್ಕೆ ಹೋಗಬೇಕು ಅಂತ ಲ್ಯಾಪ್‌ಟಾಪ್ ಬರೆದುಕೊಳ್ಳುವುದು ಅಲ್ಲೇ. ಟಿಕ್ ಇರುವ ಸಾಲು ನೋಡಿ. ಅಲ್ಲಿರುವ ಸಂಖ್ಯೆ, ಈಗಷ್ಟೇ ಪ್ರಿಂಟರ್‌ನಲ್ಲಿ ನೋಡಿದ ವಿಳಾಸ, ಎರಡೂ ಬೇರೆ ಬೇರೆ ಇದ್ದರೆ ಕಳ್ಳ ಸಿಕ್ಕಿಬಿದ್ದ. ಸಂಖ್ಯೆಯ ಬದಲು ‘ಡಬ್ಲ್ಯೂಎಸ್‌ಡಿ’ ಅಂತ ಶುರುವಾಗುವ ಉದ್ದದ ಹೆಸರೂ ಇರಬಹುದು. ವಿಂಡೋಸ್ ತಾನಾಗಿ ಪ್ರಿಂಟರ್ ಸೇರಿಸಿಕೊಂಡಾಗ ಎಷ್ಟೋ ಸಲ ಈ ಬಗೆಯ ಪೋರ್ಟ್ ಹಾಕುತ್ತದೆ. ಇದೂ ಹುಡುಕಿಕೊಂಡು ಹೋಗುವ ಉಪಾಯವೇ, ಆದರೆ ಫೋನಿನಷ್ಟು ಚುರುಕಲ್ಲ. ಪ್ರಿಂಟರ್ ನಿದ್ದೆಗೆ ಹೋಗಿ ಎದ್ದರೂ ಕೆಲವೊಮ್ಮೆ ಗುರುತು ಸಿಗದೆ ಆಫ್‌ಲೈನ್ ಅನ್ನುತ್ತದೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಎರಡಕ್ಕೂ ಮದ್ದು ಒಂದೇ. ಪ್ರಿಂಟರ್‌ಗೆ ಕಾಯಂ ವಿಳಾಸ ಕೊಡಿಸಿ, ಅದನ್ನೇ ಲ್ಯಾಪ್‌ಟಾಪಿಗೆ ಹೇಳಿಬಿಡುವುದು. ಈ ಎರಡರಲ್ಲಿ ಮೊದಲನೆಯದನ್ನೇ ಮೊದಲು ಮಾಡಿ.

ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಲಾಗಿನ್ ಆಗಿ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಪಾಸ್‌ವರ್ಡ್ ರೂಟರ್‌ನ ತಳದ ಚೀಟಿಯಲ್ಲಿ ಇರುತ್ತದೆ. ವಿಳಾಸ ಹಂಚುವುದನ್ನು ನೋಡಿಕೊಳ್ಳುವ ಡಿಎಚ್‌ಸಿಪಿ ಅನ್ನುವ ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ. ಕೆಲವರು ಅದನ್ನೇ ‘ಸ್ಟ್ಯಾಟಿಕ್ ಲೀಸ್’ ಅಂತಲೋ ‘ಐಪಿ-ಮ್ಯಾಕ್ ಬೈಂಡಿಂಗ್’ ಅಂತಲೋ ಕರೆದಿರುತ್ತಾರೆ. ಅಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸ ಕೇಳುತ್ತದೆ. ಸಾಧನದ ಕಾಯಂ ಗುರುತಿನ ಸಂಖ್ಯೆ ಅದು, ಎರಡೆರಡು ಅಂಕಿ-ಅಕ್ಷರಗಳ ಆರು ಜೋಡಿ, ಆಗಲೇ ಹೇಳಿದ ನೆಟ್‌ವರ್ಕ್ ಪುಟದಲ್ಲಿ ಸಿಗುತ್ತದೆ. ಕೇಬಲ್ ಹಾಕುವ ಕಿಂಡಿಯೂ ಇರುವ ಪ್ರಿಂಟರ್ ಆದರೆ ಎರಡು ಮ್ಯಾಕ್ ಇರಬಹುದು, ಒಂದು ಕೇಬಲ್ಲಿನದು, ಒಂದು ವೈಫೈನದು. ವೈಫೈನದನ್ನೇ ಹಾಕಿ. ನಾನು ಒಂದು ಸಲ ಕೇಬಲ್ಲಿನದು ಹಾಕಿ, ರೂಟರ್‌ನವರನ್ನು ಬೈದುಕೊಂಡಿದ್ದೇನೆ. ಸೇವ್ ಮಾಡಿ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಗೊತ್ತುಮಾಡಿದ ವಿಳಾಸವೇ ಬರಬೇಕು. ಪ್ರಿಂಟರ್‌ನಲ್ಲೇ ಕೈಯಾರೆ ಸ್ಟ್ಯಾಟಿಕ್, ಅಂದರೆ ಬದಲಾಗದ ವಿಳಾಸ ಬರೆಯಬಹುದಲ್ವಾ ಅಂತ ಕೇಳಬಹುದು. ಬರೆಯಬಹುದು. ಆದರೆ ರೂಟರ್‌ಗೆ ಅದು ಗೊತ್ತಿರುವುದಿಲ್ಲ. ಅದೇ ವಿಳಾಸವನ್ನು ಇನ್ಯಾವುದೋ ಫೋನಿಗೆ ಕೊಟ್ಟರೆ ಇಬ್ಬರಿಗೂ ಜಗಳ.

ಆಮೇಲೆ ಲ್ಯಾಪ್‌ಟಾಪಿನ ಅದೇ ಪೋರ್ಟ್ಸ್ ಟ್ಯಾಬಿನಲ್ಲಿ ಆಡ್ ಪೋರ್ಟ್ ಒತ್ತಿ, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ, ಆ ಕಾಯಂ ವಿಳಾಸ ಕೊಡಿ. ಡ್ರೈವರ್ ತೆಗೆಯುವುದು ಬೇಡ, ಹಾಕುವುದೂ ಬೇಡ. ಇಷ್ಟಾದ ಮೇಲೂ ಪ್ರಿಂಟ್ ಬರುತ್ತಿದ್ದು ಪಟ್ಟಿಯಲ್ಲಿ ಸುಮ್ನೆ ಆಫ್‌ಲೈನ್ ಅಂತ ತೋರಿಸಿದರೆ, ಕನ್ಫಿಗರ್ ಪೋರ್ಟ್ ಒತ್ತಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಅನ್ನುವ ಟಿಕ್ ತೆಗೆಯಿರಿ. ಅದು ಪ್ರಿಂಟರ್‌ನ ಕ್ಷೇಮ ವಿಚಾರಿಸುವ ಬೇರೊಂದು ದಾರಿ. ಮನೆಗೆ ಕೊಳ್ಳುವ ಕೆಲವು ಪ್ರಿಂಟರ್‌ಗಳು ಅದಕ್ಕೆ ಉತ್ತರ ಕೊಡುವುದಿಲ್ಲ, ಉತ್ತರ ಬರಲಿಲ್ಲ ಅಂದರೆ ಆಫ್‌ಲೈನ್ ಅಂತ ವಿಂಡೋಸ್ ತೀರ್ಮಾನ ಮಾಡಿಬಿಡುತ್ತದೆ.

ಕ್ಯೂನಲ್ಲಿ ಯಾವುದೋ ಒಂದು ‘ಡಿಲೀಟಿಂಗ್’ ಅಂತ ಅಂಟಿಕೊಂಡು ಕೂತಿದ್ದರೆ, ವಿಂಡೋಸ್‌ನ ಸರ್ವಿಸಸ್‌ನಲ್ಲಿ ಕ್ಯೂ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ ಮತ್ತೆ ಶುರು ಮಾಡಿ. ಅಷ್ಟಕ್ಕೆ ಬಹಳ ಸಲ ಹೋಗುತ್ತದೆ.

ಇನ್ನು ಬ್ರೌಸರ್‌ನಲ್ಲಿ ಪುಟ ತೆರೆಯಲೇ ಇಲ್ಲ ಅಂದರೆ? ಮೊದಲು ವಿಳಾಸವನ್ನೇ ನೋಡಿ. 169.254 ಅಂತ ಶುರುವಾಗಿದ್ದರೆ ರೂಟರ್ ಪ್ರಿಂಟರ್‌ಗೆ ವಿಳಾಸ ಕೊಟ್ಟೇ ಇಲ್ಲ, ಕಾದು ಕಾದು ಪ್ರಿಂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ಪ್ರಿಂಟರ್‌ನಲ್ಲಿ ವೈಫೈ ಹೊಸದಾಗಿ ಜೋಡಿಸಬೇಕು. ಪ್ರಿಂಟರ್‌ದು 192.168.1 ಅಂತಲೂ ಲ್ಯಾಪ್‌ಟಾಪಿನದು 192.168.0 ಅಂತಲೂ ಇದ್ದರೆ ಹೆಚ್ಚಾಗಿ ಮನೆಯಲ್ಲಿ ಎರಡು ರೂಟರ್ ಕೆಲಸ ಮಾಡುತ್ತಿವೆ: ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆ ಒಂದು, ನೀವು ತಂದದ್ದು ಒಂದು. ಪ್ರಿಂಟರ್, ಲ್ಯಾಪ್‌ಟಾಪ್ ಎರಡನ್ನೂ ಒಂದೇ ವೈಫೈಗೆ ತನ್ನಿ. ಗೆಸ್ಟ್ ವೈಫೈ ಆದರೆ ಕಥೆ ಇನ್ನೊಂದು, ಒಂದು ಸಾಧನ ಇನ್ನೊಂದನ್ನು ನೋಡಬಾರದು ಅಂತಲೇ ಅದನ್ನು ಮಾಡಿರುವುದು. ಲ್ಯಾಪ್‌ಟಾಪಿನಲ್ಲಿ ಆಫೀಸಿನ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಒಯ್ಯುವ ಖಾಸಗಿ ದಾರಿ) ಆನ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ. ಮನೆಯೊಳಗಿನ ಪ್ರಿಂಟರ್‌ಗೆ ಹೋಗಬೇಕಾದದ್ದನ್ನೂ ಕೆಲವು ವಿಪಿಎನ್‌ಗಳು ಹೊರಗೆ ಎಳೆದುಕೊಂಡು ಹೋಗುತ್ತವೆ.

ನಿಮ್ಮ ಫೋನಿನ ಬಗ್ಗೆಯೂ ಒಂದು ಅನುಮಾನ. ಪ್ರಿಂಟ್ ಕೊಡುವಾಗ ಅದು ನಿಜವಾಗಿ ಮನೆಯ ವೈಫೈನಲ್ಲೇ ಇತ್ತಾ, ಅಥವಾ ‘ಡೈರೆಕ್ಟ್’ ಅಂತ ಶುರುವಾಗುವ ಹೆಸರಿನ ನೆಟ್‌ವರ್ಕ್‌ನಲ್ಲಿತ್ತಾ? ಎರಡನೆಯದು ಪ್ರಿಂಟರ್ ತಾನೇ ಹರಡುವ ವೈಫೈ. ಅದರಲ್ಲಿ ರೂಟರ್ ಇಲ್ಲದೆಯೂ ಪ್ರಿಂಟ್ ಬರುತ್ತದೆ. ಹಾಗಾಗಿದ್ದರೆ ಫೋನಿನ ಸಾಕ್ಷಿ ನಡೆಯುವುದಿಲ್ಲ. ಪ್ರಿಂಟರ್ ಮನೆಯ ವೈಫೈಗೆ ಸೇರಿದೆಯಾ ಅನ್ನುವುದರಿಂದಲೇ ಶುರು ಮಾಡಬೇಕು.

ಹಾಗೆ ಹೊಸದಾಗಿ ಜೋಡಿಸುವ ಪ್ರಸಂಗ ಬಂದರೆ ಎರಡು ವಿಷಯ ನೆನಪಿರಲಿ. ಮನೆ ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಗೊತ್ತು, 5 ಗಿಗಾಹರ್ಟ್ಜ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಸೇರಿದ ಮೇಲೆ ಲ್ಯಾಪ್‌ಟಾಪ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೂ ತೊಂದರೆ ಇಲ್ಲ, ರೂಟರ್ ಒಂದೇ ತಾನೇ. ಇನ್ನೊಂದು, ರೂಟರ್‌ನಲ್ಲಿ ಭದ್ರತೆ ಡಬ್ಲ್ಯೂಪಿಎ3 (ವೈಫೈ ಭದ್ರತೆಯ ಹೊಸ ಬಗೆ, ಹಳೆಯದು ಡಬ್ಲ್ಯೂಪಿಎ2) ಮಾತ್ರ ಅಂತ ಇಟ್ಟಿದ್ದರೆ ಹಳೇ ಪ್ರಿಂಟರ್ ಒಳಗೆ ಬರಲಾರದು. ಡಬ್ಲ್ಯೂಪಿಎ3 ಬಂದಿದ್ದೇ 2018ರಲ್ಲಿ. ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಇರುವ ಮಿಶ್ರ ಆಯ್ಕೆ ಇಡಿ. ಪಾಸ್‌ವರ್ಡ್ ಸರಿಯಿದ್ದೂ ‘ತಪ್ಪು ಪಾಸ್‌ವರ್ಡ್’ ಅಂತ ಪ್ರಿಂಟರ್ ಹಟ ಹಿಡಿದರೆ ನಾನು ಮೊದಲು ನೋಡುವುದು ಇದನ್ನೇ.

ನಿಮ್ಮ ವಿಷಯದಲ್ಲಿ ಇದ್ಯಾವುದೂ ಬೇಕಾಗಲಿಕ್ಕಿಲ್ಲ. ಕಾಯಂ ವಿಳಾಸ ಕೊಟ್ಟು, ಪೋರ್ಟ್ ಬದಲಿಸಿ, ಇವತ್ತು ರಾತ್ರಿ ಎಂದಿನಂತೆ ರೂಟರ್ ಆಫ್ ಮಾಡಿ. ಆ ಅಭ್ಯಾಸ ಬಿಡುವುದೇನೂ ಬೇಡ. ಬೆಳಿಗ್ಗೆ ಆನ್ ಮಾಡಿ, ಲ್ಯಾಪ್‌ಟಾಪಿನಿಂದ ಒಂದು ಪುಟ ಕೊಟ್ಟು ನೋಡಿ. ಆಗಲೂ ಆಫ್‌ಲೈನ್ ಅಂದರೆ ಪೋರ್ಟ್ಸ್ ಟ್ಯಾಬಿನಲ್ಲಿ ಟಿಕ್ ಇರುವ ಸಾಲನ್ನೂ ಪ್ರಿಂಟರ್ ತೋರಿಸುವ ವಿಳಾಸವನ್ನೂ ಕೆಳಗೆ ಬರೆಯಿರಿ, ನೋಡೋಣ.